ಒಂದು ಬೆಳಗಿನ ರಜೆ

"ಏನು ಬೇಕು ಕೇಳು," ಎಂದರು ಅಮಿತಾ ಮೇಡಂ.

ಗುಡ್ಡೆ ಶಾಲೆಯ ಹೆಡ್ ಮೇಡಂ ಹಾಗೆಲ್ಲ ಸುಮ್ಮಸುಮ್ಮನೆ ಕೇಳುವವರಲ್ಲ. ಎರಡು ಜಡೆ ಯಾಕೆ ಹಾಕಿಲ್ಲ, ಕಾರಿಡಾರಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಯಾಕೆ ಮಾತಾಡಿದೆ, ಇಂಥ ಪ್ರಶ್ನೆಗಳೇ ಅವರಿಗೆ ಅಭ್ಯಾಸ. ಆದರೆ ವರ್ಷಕ್ಕೊಮ್ಮೆ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಫಲಿತಾಂಶ ಬಂದ ದಿನ, ಮೊದಲು ಬಂದ ಹುಡುಗಿಯನ್ನು ತಮ್ಮ ಕೋಣೆಗೆ ಕರೆಸಿ ಹೀಗೊಂದು ವರ ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ಹಿಂದಿನ ವರ್ಷದವಳು ಕೈಗಡಿಯಾರ ಕೇಳಿದ್ದಳು. ಅದರ ಹಿಂದಿನವಳು 'ನಿಮ್ಮ ಆಶೀರ್ವಾದ ಸಾಕು ಮೇಡಂ' ಎಂದು ಹೇಳಿ, ಅದನ್ನು ಮಾತ್ರ ಪಡೆದು ಬರಿಗೈಯಲ್ಲಿ ಹೊರಬಂದಿದ್ದಳು.

ವಿಜೇತಾಳ ಉತ್ತರ ಮೊದಲೇ ತಯಾರಿತ್ತು.

"ಒಂದು ಬೆಳಿಗ್ಗೆ ರಜೆ ಬೇಕು ಮೇಡಂ."

"ರಜೆಯಾ? ಮನೆಯಲ್ಲಿ ಏನಾದರೂ ಪೂಜೆ ಇದೆಯಾ?"

"ಇಲ್ಲ ಮೇಡಂ. ಬಲೆ ಎಳೆಯಬೇಕು."

ಅಮಿತಾ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ನಕ್ಕರು. ಕೆಟ್ಟ ನಗುವೇನಲ್ಲ. ತಾವು ಬೆಳೆಸಿದ ಗಿಡ ಇನ್ನೂ ಸ್ವಲ್ಪ ಹಿತ್ತಿಲ ಕಡೆಗೇ ಬಾಗುತ್ತಿದೆಯಲ್ಲ ಎಂದು ನೋಡುವವರ ನಗು. "ಸರಿ. ಬರುವ ಶನಿವಾರ. ಯೂನಿಫಾರ್ಮ್ ಹಾಕಿಕೊಂಡು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡೇ ಹೋಗಬೇಕು. ಪ್ರಾರ್ಥನೆಗೆ ಮೊದಲು ಇಲ್ಲಿರಬೇಕು. ಬೋರ್ಡ್ ಪರೀಕ್ಷೆ ಹತ್ತಿರ ಬಂತು ಅನ್ನುವುದು ನೆನಪಿದೆಯಲ್ಲ?"

ನೆನಪಿಲ್ಲದೆ ಏನು. ಆ ಶಾಲೆಯಲ್ಲಿ ಅದನ್ನು ಮರೆಯಲು ಯಾರನ್ನೂ ಬಿಡುತ್ತಿರಲಿಲ್ಲ.

ಹೆಮ್ಮಾಡಿ ದಾಟಿ ಬೈಂದೂರಿನ ಕಡೆ ಹೋಗುವಾಗ ಹೆದ್ದಾರಿಯ ಬಲಗಡೆಯ ಕೆಂಪು ಮುರಕಲ್ಲಿನ ಗುಡ್ಡದ ಮೇಲೆ ಕಾಣುವುದೇ ಆ ಶಾಲೆ. ಹುಡುಗಿಯರಿಗೆ ಮಾತ್ರ. ಅರ್ಧ ಮಕ್ಕಳು ಹಾಸ್ಟೆಲಿನವರು. ಅವರ ಅಪ್ಪಂದಿರು ಮುಂಬಯಿ, ಪುಣೆ, ಹುಬ್ಬಳ್ಳಿಗಳಲ್ಲಿ ಹೋಟೆಲು ನಡೆಸುತ್ತ, ಮಗಳು ಊರಿನ ಗಾಳಿಯಲ್ಲಿ ಬೆಳೆಯಲಿ ಎಂದು ಇಲ್ಲಿ ತಂದು ಬಿಟ್ಟವರು. ಇನ್ನರ್ಧ 'ಡೇ ಮಕ್ಕಳು', ಬೆಳಿಗ್ಗೆ ವ್ಯಾನಿನಲ್ಲಿ ಬಂದು ಸಂಜೆ ವ್ಯಾನಿನಲ್ಲಿ ಹೋಗುವವರು. ಈ ಎರಡು ಜಾತಿಗಳ ನಡುವೆ ಮಾತುಕತೆ ಇತ್ತು, ಕೊಡುಕೊಳ್ಳುವುದಿತ್ತು, ಆದರೆ ಊಟ ಬೇರೆ ಬೇರೆ. ಹಾಸ್ಟೆಲಿನವರಿಗೆ ಮೆಸ್ಸು, ಡೇ ಮಕ್ಕಳಿಗೆ ಮಾವಿನ ಮರದ ಕೆಳಗಿನ ಕಟ್ಟೆ, ಮನೆಯಿಂದ ತಂದ ಬುತ್ತಿ.

ವಿಜೇತಾ ಐದನೆಯ ತರಗತಿಯಿಂದ ಕಟ್ಟೆಯ ಮೇಲೆ ಉಂಡವಳು. ಅವಳ ಮನೆಗೆ ವ್ಯಾನೂ ಬೇಕಿರಲಿಲ್ಲ. ಗುಡ್ಡ ಇಳಿದು, ಹೆದ್ದಾರಿ ದಾಟಿ, ತೆಂಗಿನ ತೋಟದ ನಡುವಿನ ಓಣಿಯಲ್ಲಿ ಹೋದರೆ ಮೀನು ಹಿಡಿಯುವ ಮೊಗವೀರರ ಕೇರಿ, ಅದರ ಆಚೆ ಕಡಲು. ಆದರೆ ದೀಪಾವಳಿ ಕಳೆದದ್ದೇ ಮೇಡಂ ಕೆಲವು ಹುಡುಗಿಯರ ಹೆಸರು ಆರಿಸಿದರು. ಇವರು ಪರೀಕ್ಷೆ ಮುಗಿಯುವವರೆಗೆ ಹಾಸ್ಟೆಲಿನಲ್ಲೇ ಇರಬೇಕು, ಖರ್ಚು ಶಾಲೆಯದ್ದು. ರ‍್ಯಾಂಕು ಬಂದರೆ ಅವರ ಫೋಟೋ ಹೆದ್ದಾರಿ ಬದಿಯ ಫ್ಲೆಕ್ಸಿನಲ್ಲಿ ಒಂದು ಮಳೆಗಾಲ ಪೂರ್ತಿ ನೆನೆಯುತ್ತ ನಿಂತಿರುತ್ತದೆ. ವಿಜೇತಾಳ ತಾಯಿ ಸರಸಳನ್ನು ಕರೆಸಿ ಕೇಳಿದಾಗ ಆಕೆ ಕುರ್ಚಿಯ ತುದಿಯಲ್ಲಿ ಕುಳಿತು, "ನಮ್ಮನ್ಯಗೆ ಒಂದ್ ಮೇಜ್ ಸಾ ಇಲ್ಲ ಮೇಡಂ. ಇಲ್ಲೇ ಇರ್ಲಿ. ನಿಮ್ಮ್ ಮಗ್ಳ್ ಅಂದ್ಕಣಿ," ಎಂದಳು. ಪಕ್ಕದಲ್ಲೇ ನಿಂತಿದ್ದ ವಿಜೇತಾಳನ್ನು ಯಾರೂ ಏನೂ ಕೇಳಲಿಲ್ಲ.

ಅವಳಿಗೆ ಅಂದು ಎದೆಯೊಳಗೆ ಚುಚ್ಚಿದ್ದು ಮನೆ ಬಿಡುವ ಸಂಕಟವೊಂದೇ ಅಲ್ಲ. ಕೇರಿಯಲ್ಲಿ ಅವಳಿಗೊಂದು ಜಾಗ ಸಿಕ್ಕಿ ಆಗ ಹೆಚ್ಚು ದಿನವೂ ಆಗಿರಲಿಲ್ಲ.

ಆ ಕೇರಿಯವರದು ಕೈರಂಪಣಿ. ದೋಣಿ ಬಲೆಯನ್ನು ಕಡಲಿಗೆ ಒಯ್ದು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಜನ ಎರಡು ಸಾಲಾಗಿ ಎಳೆಯುತ್ತಾರೆ. ಗಂಡಸರಲ್ಲಿ ಹೆಚ್ಚಿನವರು ದೊಡ್ಡ ಬೋಟುಗಳಿಗೆ ಹೋದ ಮೇಲೆ, ವಿಜೇತಾಳ ಅಪ್ಪನೂ ರತ್ನಗಿರಿ ಕಡೆಯ ಬೋಟು ಸೇರಿದ ಮೇಲೆ, ಹಗ್ಗ ಹಿಡಿಯುವವರು ಹೆಚ್ಚಾಗಿ ಹೆಂಗಸರೇ. ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು. ಬಲೆಯ ಯಜಮಾನಿಕೆ ಅಣ್ಣಯ್ಯ ಅನ್ನುವ ಮುದುಕನದು. ಮೀನನ್ನು ಮರಳ ಮೇಲೆ ಗುಪ್ಪೆ ಗುಪ್ಪೆಯಾಗಿ ಸುರಿದು, ಒಂದೊಂದು ಗುಪ್ಪೆಗೂ ಒಬ್ಬೊಬ್ಬರ ಹೆಸರು ಕೂಗುವುದು ಅವನೇ. ಮಕ್ಕಳು ಹಿಡಿದರೆ ಅರೆಪಾಲು. ಅದನ್ನು ಅವರು ಯಾರ ಹಿಂದೆ ನಿಂತಿದ್ದರೋ ಅವರ ಗುಪ್ಪೆಗೇ ಸೇರಿಸುತ್ತಾರೆ, ಹೆಸರು ಕೂಗುವುದಿಲ್ಲ. ವಿಜೇತಾ ಐದಾರು ವರ್ಷ ತಾಯಿಯ ಹಿಂದೆ ನಿಂತು ಎಳೆದಿದ್ದಳು. ಈ ಸಲ ಚೌತಿ ಕಳೆದು ಮೊದಲ ಬಲೆ ಬಿದ್ದ ದಿನ, ಅಣ್ಣಯ್ಯ ಸರಸಳ ಹೆಸರು ಕೂಗಿ, ಒಂದು ಗಳಿಗೆ ನಿಲ್ಲಿಸಿ, ಪಕ್ಕದ ಗುಪ್ಪೆಗೆ ಕೋಲು ತೋರಿಸಿ, "ವಿಜೇತ!" ಎಂದು ಕೂಗಿದ್ದ. ಅಷ್ಟೇ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸಾಲಿನಲ್ಲಿದ್ದ ಪದ್ದು ಚಿಕ್ಕಿ ಮಾತ್ರ, "ಹೋ, ಹೆಣ್ಣ್ ದೊಡ್ಡದಾಯ್ತ್," ಎಂದು ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ವಿಜೇತಾ ಆ ದಿನ ತನ್ನ ಬೈಗೆ ಮೀನುಗಳನ್ನು ಒಂದೊಂದಾಗಿ ಎಣಿಸಿ ಬುಟ್ಟಿಗೆ ತುಂಬಿದಳು. ಶಾಲೆಯಲ್ಲಿ ಎಷ್ಟೋ ಸಲ ಅವಳ ಹೆಸರನ್ನು ಮೈಕಿನಲ್ಲಿ ಕೂಗಿದ್ದರು. ಆಗ ಅದು ಹೀಗೆ ಕೇಳಿಸಿರಲಿಲ್ಲ.

ಹಾಸ್ಟೆಲಿನಲ್ಲಿ ಅವಳು ಎಲ್ಲಿಯೂ ಸಲ್ಲಲಿಲ್ಲ. ಹಳೆಯ ಹಾಸ್ಟೆಲ್ ಮಕ್ಕಳಿಗೆ ಅವಳು 'ಡೇ'. ಅವರು ಐದಾರು ವರ್ಷ ಒಟ್ಟಿಗೆ ಅತ್ತು, ಒಟ್ಟಿಗೆ ಕದ್ದು ತಿಂದು, ಒಂದೇ ಬಕೆಟ್ಟಿಗೆ ಜಗಳವಾಡಿ ಬೆಳೆದವರು. ಅವರ ನಗೆಚಾಟಿಕೆ ಇವಳಿಗೆ ಅರ್ಥವಾಗುವಷ್ಟರಲ್ಲಿ ಮುಗಿದಿರುತ್ತಿತ್ತು. ಮಧ್ಯಾಹ್ನ ಮಾವಿನ ಕಟ್ಟೆಗೆ ಹೋದರೆ ಅಲ್ಲಿಯ ಗೆಳತಿಯರು, "ನಿಂಗ್ ಮೆಸ್ಸಿನಂಗೆ ಊಟ ಅಲ್ದನೇ?" ಎಂದು ಬುತ್ತಿಯ ಮುಚ್ಚಳ ತುಸು ತಮ್ಮ ಕಡೆಗೆ ಎಳೆದುಕೊಂಡರು. ಅವರದು ಬೇಕೆಂದು ಮಾಡಿದ್ದಲ್ಲ. ಕೊಡಲೂ ಆಗದೆ, ಎದುರಿಗೆ ತಿನ್ನಲೂ ಆಗದೆ ಮಾಡಿದ್ದು. ವಿಜೇತಾ ಮತ್ತೆ ಆ ಕಡೆ ಹೋಗಲಿಲ್ಲ.

ಅವಳ ಪಕ್ಕದ ಮಂಚ ಚಂದನಾಳದು. ಅಪ್ಪ ಅಮ್ಮ ಪುಣೆಯಲ್ಲಿ. ಚಂದನಾ ಹಾಸ್ಟೆಲಿನ ಎಲ್ಲ ಉಪಾಯ ಬಲ್ಲವಳು: ಬಿಸಿನೀರು ಯಾವಾಗ ಮುಗಿಯುತ್ತದೆ, ಯಾವ ವಾರ್ಡನ್ ಎಷ್ಟು ಹೊತ್ತಿಗೆ ತೂಕಡಿಸುತ್ತಾರೆ, ಸಾರಿಗೆ ಉಪ್ಪು ಕಡಿಮೆಯಾದರೆ ಯಾರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಇರುತ್ತದೆ. ಒಂದು ಸಂಜೆ ಮೇಲಿನ ಜಗಲಿಯಲ್ಲಿ ಬಟ್ಟೆ ಒಣಗಿಸುತ್ತ ಅವಳೇ ಹೇಳಿದಳು.

"ಮೊದ್ಲ್ ಎಂತ ಮರಿತ್ತ್ ಗೊತ್ತಿತ್ತಾ? ನಾನ್ ಆರನೇ ಕ್ಲಾಸಂಗೆ ಮನಿಗ್ ಹೋದಾಗ ನೀರ್ ಕುಡುಕೆ ಲೋಟ ಹುಡ್ಕದೆ. ಅಮ್ಮ ಲೋಟದ ಜಾಗ ಬದಲ್ಸಿದ್ರ್. ನಮ್ಮನ್ಯಗೇ ನಾನ್ ಲೋಟ ಎಲ್ಲಿತ್ತ್ ಅಂತ ಕೇಣ್ಕಾಯ್ತ್ ಮಾರಾಯ್ತಿ."

"ಮತ್ತೆ?"

"ಮತ್ತೆಂತ. ಈಗ ಹೋದಲ್ಲೆಲ್ಲ ಕೇಣ್ತೆ. ಅಭ್ಯಾಸ ಆಯ್ತ್."

ವಿಜೇತಾ ಕಡಲಿನ ಕಡೆ ನೋಡಿದಳು. ಆ ಜಗಲಿಯಿಂದ ತೆಂಗಿನ ಸೋಗೆಗಳ ಮೇಲೆ ನೀರು ಕಾಣುತ್ತಿತ್ತು, ಕೇರಿ ಕಾಣುತ್ತಿರಲಿಲ್ಲ. ಆದರೆ ಬೆಳಗಿನ ಓದಿನ ಹೊತ್ತಿನಲ್ಲಿ, ಹೆದ್ದಾರಿಯ ಲಾರಿಗಳ ನಡುವೆ ಬಿಡುವು ಸಿಕ್ಕಿದಾಗ, ಎಳೆಯುವವರ ಕೂಗು ಕೇಳುತ್ತಿತ್ತು. ತ್ರಿಕೋನಮಿತಿಯ ಲೆಕ್ಕದ ನಡುವೆ ಅವಳ ಪೆನ್ಸಿಲು ನಿಲ್ಲುತ್ತಿತ್ತು. ಕೂಗು ಬೇಗ ಬೇಗ ಬಂದರೆ ಬಲೆ ಹಗುರ, ಮೀನಿಲ್ಲ. ಎಳೆದು ಎಳೆದು ಬಂದರೆ ಇವತ್ತು ಪಾಲು ಜೋರು. ಅಷ್ಟು ದೂರದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಏನು ಮಾಡುವುದು ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಇಷ್ಟು ಹತ್ತಿರ ಮನೆಯಿಟ್ಟುಕೊಂಡು ಅಳುವುದಕ್ಕೂ ಅವಳಿಗೆ ನಾಚಿಕೆ. ಪುಣೆಯವಳೇ ಅಳದೆ ಇರುವಾಗ ಗುಡ್ಡದ ಕೆಳಗಿನವಳು ಅತ್ತರೆ ಜನ ಏನಂದಾರು?

ತಿಂಗಳಿಗೊಂದು ಭಾನುವಾರ ಮನೆಯವರು ಬಂದು ನೋಡಬಹುದು. ಸರಸ ಮೊದಲ ಸಲ ಬಂದಾಗ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬೇಕರಿಯ ಪೊಟ್ಟಣ ಹಿಡಿದು ಬಂದಿದ್ದಳು. ಡಿಸೆಂಬರಿನಲ್ಲಿ ಎರಡನೆಯ ಸಲ ಬಂದಾಗ ಹೊರಡುವ ಹೊತ್ತಿಗೆ ಹೇಳಿದಳು.

"ಇನ್ ಪರೀಕ್ಷೆ ಮುಗುವರಿಗೆ ನಾನ್ ಬತ್ತಿಲ್ಲೆ ಮಗಾ."

"ಎಂತಕ್ಕೆ?"

"ನಾ ಬಂದ್ ಹೋದ್ರೆ ನೀ ಎರಡ್ ದಿನ ಸಮ ಓದುದಿಲ್ಲ ಅಂಬ್ರ್. ವಾರ್ಡನ್ ಮೇಡಮ್ಮ ಹೇಳ್ದ್ರ್. ಕಂಡ್ರೆ ನಂಗೂ ಹೊಟ್ಟಿ ಉರಿತ್ತ್, ನಿಂಗೂ ಓದ್ ಹಾಳ್. ಬ್ಯಾಡ."

ಅದು ಆ ತಾಯಿ ಯೋಚಿಸಿ ಯೋಚಿಸಿ ತಂದ ತೀರ್ಮಾನ. ಬಾರದೆ ಇರುವುದೇ ಮಗಳಿಗೆ ತಾನು ಮಾಡಬಹುದಾದ ದೊಡ್ಡ ಉಪಕಾರ ಎಂದು ಆಕೆ ನಂಬಿದ್ದಳು. ಮಗಳಿಗೆ ಅದು ಬಾಗಿಲು ಮುಚ್ಚಿದ ಹಾಗೆ ಕೇಳಿಸಿತು. ಕೇಳಬಾರದೆಂದುಕೊಂಡದ್ದನ್ನು ಆಗ ಕೇಳಿಯೇಬಿಟ್ಟಳು.

"ಅಮ್ಮ, ಹಗ್ಗದಗೆ ನನ್ ಜಾಗ?"

ಸರಸ ಮಲ್ಲಿಗೆ ಸರಿಮಾಡಿಕೊಂಡಳು. "ನಿನ್ ಜಾಗ ಎಲ್ಲ್ ಹೋತ್ತ್? ಅಲ್ಲೇ ಇತ್ತ್. ಸುಮ್ನೆ ಓದ್."

ಅಲ್ಲೇ ಇದೆಯಂತೆ. ಆ ಒಂದು ಮಾತು ಹಿಡಿದುಕೊಂಡು ವಿಜೇತಾ ಓದಿದಳು. ಮೊದಲು ಬಂದವಳಿಗೆ ಮೇಡಂ ಏನು ಬೇಕು ಎಂದು ಕೇಳುತ್ತಾರೆ ಎಂದು ಚಂದನಾ ಹೇಳಿದ್ದಳು. ಹಾಗಾಗಿ ವಿಜೇತಾ ಪ್ರಮೇಯಗಳನ್ನು ಬರೆದು ಬರೆದು ಕಲಿತಳು, ಹಿಂದಿಯ ದೋಹೆಗಳನ್ನು ಹಲ್ಲುಜ್ಜುವಾಗ ಹೇಳಿಕೊಂಡಳು, ರಾಸಾಯನಿಕ ಸಮೀಕರಣಗಳನ್ನು ಮೆಸ್ಸಿನ ಸಾಲಿನಲ್ಲಿ ನಿಂತು ಸರಿದೂಗಿಸಿದಳು. ಟೀಚರುಗಳು ಬೆನ್ನು ತಟ್ಟಿದರು. ಈ ಹುಡುಗಿಗೆ ರ‍್ಯಾಂಕಿನ ಹುಚ್ಚು ಹಿಡಿದಿದೆ ಎಂದು ಸ್ಟಾಫ್ ರೂಮಿನಲ್ಲಿ ಮೆಚ್ಚಿ ಮಾತಾಡಿಕೊಂಡರು. ಅವಳು ಓದುತ್ತಿದ್ದದ್ದು ಒಂದು ಬೆಳಿಗ್ಗೆಗೋಸ್ಕರ ಎಂದು ಗೊತ್ತಿದ್ದದ್ದು ಚಂದನಾಳಿಗೆ ಮಾತ್ರ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ವಿಜೇತಾ ಗುಡ್ಡ ಇಳಿದಳು. ವಾಚ್‌ಮನ್ ಐಡಿ ಕಾರ್ಡು ನೋಡಿ ಗೇಟು ತೆಗೆದ. ಹೆದ್ದಾರಿ ದಾಟಿ ಓಣಿಗೆ ಬಿದ್ದದ್ದೇ ಅವಳ ಕಾಲು ತಾನಾಗಿ ಓಡತೊಡಗಿತು. ದಡದಲ್ಲಿ ದೋಣಿ ಆಗಲೇ ಬಲೆ ಬಿಟ್ಟು ಬಂದಿತ್ತು. ಎರಡೂ ಸಾಲು ನಿಂತಿದ್ದವು.

"ಹ್ವಾಯ್! ಕಾಣಿ, ವಿಜೇತ ಬಂತ್ ಕಾಣಿ!" ಎಂದು ಮೊದಲು ಕೂಗಿದವಳು ಪದ್ದು ಚಿಕ್ಕಿ.

ಎಲ್ಲರೂ ತಿರುಗಿ ನೋಡಿದರು. ಎಲ್ಲರಿಗೂ ಸಂತೋಷವೇ. ಆದರೆ ಆ ಸಂತೋಷದ ಬಗೆ ಅವಳಿಗೆ ಹೊಸದು. ಒಬ್ಬಾಕೆ ಅವಳ ಕೆನ್ನೆ ಸವರಲು ಕೈಯೆತ್ತಿ, ಕೈಯಲ್ಲಿದ್ದ ಮರಳು ನೋಡಿ, ಕೈಯನ್ನು ಹಿಂದಕ್ಕೆಳೆದುಕೊಂಡಳು. ಮೊದಲಾಗಿದ್ದರೆ ಅದೇ ಕೈಯಲ್ಲಿ ಬೆನ್ನಿಗೊಂದು ಗುದ್ದುತ್ತಿದ್ದವಳು ಆಕೆ. "ಫಸ್ಟ್ ಬಂದಿಯಂಬ್ರಲೆ," ಎಂದರು. "ಬೆಳ್ಳಗ್ ಆಯ್ದೆ," ಎಂದರು. ಸರಸ ಹಗ್ಗ ಬಿಡದೆಯೇ ಕುತ್ತಿಗೆ ತಿರುಗಿಸಿ ನಕ್ಕಳು. ಅವಳ ಕಣ್ಣು ತುಂಬಿದ್ದು ವಿಜೇತಾಳಿಗೆ ಕಂಡಿತು. ಅದರ ಜೊತೆಗೆ ಅಮ್ಮನ ಹಿಂದೆ, ತನ್ನ ಜಾಗದಲ್ಲಿ, ಕುಷ್ಟ ಮಾವನ ಮಗಳು ನವ್ಯಾ ನಿಂತದ್ದೂ ಕಂಡಿತು.

ನವ್ಯಾ ಏಳನೆಯ ತರಗತಿ, ಸರಕಾರಿ ಶಾಲೆ. ಹಗ್ಗವನ್ನು ಕಂಕುಳಿಗೆ ಒತ್ತಿ ಹಿಡಿಯುವುದನ್ನು ಚೆನ್ನಾಗಿ ಕಲಿತಿದ್ದಳು.

"ಖಾಲಿ ಬಿಡುಕ್ ಆತಿಲ್ಲಲೆ ಮಗಾ," ಎಂದಳು ಸರಸ, ಯಾರೂ ಕೇಳದಿದ್ದರೂ. "ಬ್ಯಾರೆಯವ್ರ್ ಬಂದ್ ಹಿಡುದಕ್ಕಿಂತ ನಮ್ಮನಿ ಹೆಣ್ಣೇ ಇರ್ಲಿ ಅಂದ್ಕಂಡ್ ನಾನೇ ಕರ್ದದ್. ನೀ ಆ ದೋಣಿ ಬದಿಗ್ ಕೂಕೋ. ಅಂಗಿ ನೀರಗೆ ಚಂಡಿ ಆತ್ತ್."

"ನಾನ್ ಎಳುಕ್ ಬಂದದ್ದ್," ಎಂದಳು ವಿಜೇತಾ.

ನವ್ಯಾ ಒಳ್ಳೆಯ ಹುಡುಗಿ. "ಬಾ ಅಕ್ಕ," ಎಂದು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಕೊಟ್ಟಳು. ವಿಜೇತಾ ಶೂಸು ಕಳಚಿ, ಸ್ಕರ್ಟು ಎತ್ತಿ ಸಿಕ್ಕಿಸಿ, ಅಮ್ಮನ ಹಿಂದೆ ಹಗ್ಗ ಹಿಡಿದಳು. ಕೂಗು ಎದ್ದಿತು. ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿದರು. ವಿಜೇತಾ ಒಂದು ಕ್ಷಣ ತಡವಾಗಿ ವಾಲಿದಳು. ಅವಳ ಭುಜ ನವ್ಯಾಳ ಮೂಗಿಗೆ ಬಡಿಯಿತು. ಎರಡನೆಯ ಸಲ ಮುಂಚೆ ವಾಲಿ ಅಮ್ಮನ ಹಿಮ್ಮಡಿ ತುಳಿದಳು. ಇಷ್ಟು ದಿನ ಕೇಳಿಸಿಕೊಂಡ ಕೂಗೇ ಇದು, ಬೆಳಿಗ್ಗೆ ಬೆಳಿಗ್ಗೆ ಕಿವಿಗೊಟ್ಟು ಕೇಳಿದ್ದೇ, ಆದರೆ ಗುಡ್ಡದ ಮೇಲಿನವರೆಗೆ ಬರುವಷ್ಟರಲ್ಲಿ ಅದು ಕೊಂಚ ತಡವಾಗಿರುತ್ತಿತ್ತೋ ಏನೋ. ಸಾಲು ಮುಗ್ಗರಿಸಿತು. ಹಗ್ಗ ಒಂದು ಮಾರು ಕಡಲಿಗೇ ಹಿಂತಿರುಗಿ ಹೋಯಿತು. ಮುಂದಿನಿಂದ ಯಾರೋ, "ಯಾರ್ ಅದ್? ಸಮ ಎಳಿನಿ!" ಎಂದು ಬಯ್ದರು. ಬಯ್ದವರಿಗೆ ಅವಳೆಂದು ಗೊತ್ತಾದದ್ದೇ, "ಓ, ನೀನಾ. ಅಡ್ಡಿಲ್ಲ, ಅಡ್ಡಿಲ್ಲ," ಎಂದರು. ಬಯ್ಗುಳಕ್ಕಿಂತ ಅದೇ ಅವಳನ್ನು ಹೆಚ್ಚು ನೋಯಿಸಿತು.

ಅಣ್ಣಯ್ಯ ಕೋಲೂರಿಕೊಂಡು ಬಂದ. ವಯಸ್ಸಾದರೂ ಅವನ ಕಣ್ಣಿಗೆ ಸಾಲಿನಲ್ಲಿ ಎಲ್ಲಿ ಸಡಿಲ ಎನ್ನುವುದು ಗೊತ್ತಾಗದೆ ಹೋಗುವುದಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ ಹೇಳಿದ.

"ಮಗಾ, ನೀ ಕಡಿ ಬದಿಗ್ ಹೋಗಿ ಹಿಡ್ಕೋ. ಅಲ್ಲಿ ಹಗುರ ಇತ್ತ್. ಇಲ್ಲ್ ಎಳ್ದ್ರೆ ನಿನ್ ಕೈ ಹೋತ್ತ್. ಪರೀಕ್ಷಿ ಬರುಕಿತ್ತಲೆ."

ಸಾಲಿನ ಕಡೆಯಲ್ಲಿ ಆಗಲೇ ಮೂವರು ಹೊಸಬರು ಇದ್ದರು. ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಕಡಲು ನೋಡಲು ಇಳಿದ ಬೆಂಗಳೂರಿನ ಕಡೆಯವರು: ಗಂಡ, ಹೆಂಡತಿ, ಸಣ್ಣ ಮಗಳು. ಇಂಥವರು ರಜಾದಿನಗಳಲ್ಲಿ ಬರುತ್ತಲೇ ಇರುತ್ತಾರೆ, ನಾವೂ ಸ್ವಲ್ಪ ಎಳೀಬಹುದಾ ಎನ್ನುತ್ತಾರೆ. ಕೇರಿಯವರು ಬೇಡ ಎನ್ನುವುದಿಲ್ಲ. ಎಳೆದು ಬಂದ ಹಗ್ಗವನ್ನು ಸುತ್ತಿಡುವ ಆ ಕೊನೆಯಲ್ಲಿ ಯಾರು ಎಳೆದರೂ, ಎಳೆಯದಿದ್ದರೂ, ಬಲೆಗೆ ತಿಳಿಯುವುದಿಲ್ಲ. ಹೆಂಗಸು ತಂಪು ಕನ್ನಡಕವನ್ನು ನೆತ್ತಿಗೇರಿಸಿ ಉತ್ಸಾಹದಿಂದ ಹಗ್ಗ ಹಿಡಿದಿದ್ದಳು. ಗಂಡ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಮೊಬೈಲು ಹಿಡಿದಿದ್ದ. ವಿಜೇತಾ ಅವರ ಹಿಂದೆ ಹೋಗಿ ನಿಂತಳು.

ಆದರೂ ಅವಳು ಎಳೆದಳು. ಕಾಲನ್ನು ಮರಳಿಗೆ ಹುಗಿದು, ಹಲ್ಲು ಕಚ್ಚಿ, ಆ ಬೆಳಗಿನ ಬಲೆಯನ್ನೆಲ್ಲ ತಾನೊಬ್ಬಳೇ ದಡಕ್ಕೆ ತರುವವಳ ಹಾಗೆ ಎಳೆದಳು. ಪೆನ್ನು ಹಿಡಿದು ಮೆದುವಾದ ಅಂಗೈಯಲ್ಲಿ ಹಗ್ಗ ಉರಿ ಎಬ್ಬಿಸಿತು. ಎಳೆದಂತೆ ಸಾಲು ಹಿಂದೆ ಹಿಂದೆ ಸರಿಯುತ್ತ, ಕೊನೆಯವರು ನೀರಿನಂಚಿಗೆ ಹೋಗಿ ಹೊಸದಾಗಿ ಹಿಡಿಯಬೇಕು. ಅದು ಕ್ರಮ. ಅವಳ ಸರದಿ ಬಂದಾಗ ಅವಳು ಹೊರಟಳು ಕೂಡ. "ಇರ್ಲಿ ಮಗಾ, ನೀ ಅಲ್ಲೇ ಇರ್," ಎಂದು ಪದ್ದು ಚಿಕ್ಕಿ ತಾನೇ ಹೋದಳು. ಎರಡು ಸಾಲುಗಳೂ ಹತ್ತಿರ ಬಂದು ಬಲೆಯ ಹೊಟ್ಟೆ ದಡ ಮುಟ್ಟಿತು. ಒಳ್ಳೆಯ ಮೀನು: ಬಂಗಡೆ, ಬೈಗೆ, ನಡುನಡುವೆ ದುಬಾರಿ ಕಾಣೆ ಮೀನು, ಒಂದಿಷ್ಟು ಚಟ್ಲಿ ಸಿಗಡಿ. ಜನ ಹೋ ಎಂದರು. ವಿಜೇತಾಳೂ ಹೋ ಎಂದಳು.

ಗುಪ್ಪೆಗಳು ಮರಳ ಮೇಲೆ ಎದ್ದವು. ಬಲೆಯ ಪಾಲು, ದೋಣಿಯ ಪಾಲು ಬೇರೆಯಾದವು. ಅಣ್ಣಯ್ಯ ಕೋಲೆತ್ತಿದ. ವಿಜೇತಾ ನವ್ಯಾಳ ಪಕ್ಕದಲ್ಲಿ ನಿಂತಿದ್ದಳು. ಕೋಲಿನ ತುದಿಯನ್ನೇ ನೋಡುತ್ತಿದ್ದಳು. ಪೂರ್ವಸಿದ್ಧತಾ ಫಲಿತಾಂಶ ಓದುವಾಗಲೂ ಹೀಗೆ ಕಾದಿರಲಿಲ್ಲ. ಅಲ್ಲೇ ಇತ್ತ್ ಎಂದಿದ್ದಳಲ್ಲ ಅಮ್ಮ. ಒಂದು ಸಣ್ಣ ಗುಪ್ಪೆಯಾದರೂ ಸರಿ. ಒಂದು ಸಲ ಕೂಗಿದರೆ ಸಾಕು, ಆ ಮೀನನ್ನು ಬೇಕಾದರೆ ಕಾಗೆಗೆ ಹಾಕುತ್ತೇನೆ ಎಂದುಕೊಂಡಳು.

"ಪದ್ದು! ಕುಷ್ಟ! ಸರಸ!"

ಸರಸಳ ಗುಪ್ಪೆಯ ಮೇಲೆ ಅಣ್ಣಯ್ಯ ಇನ್ನೆರಡು ಬೊಗಸೆ ಮೀನು ಸುರಿದ. ಅದು ನವ್ಯಾಳ ಅರೆಪಾಲು. ಕೋಲು ಮುಂದಿನ ಗುಪ್ಪೆಗೆ ಹೋಯಿತು, ಅದರ ಮುಂದಿನದಕ್ಕೆ ಹೋಯಿತು. ಹೆಸರುಗಳು ಮುಗಿದವು. ಹೆಂಗಸರು ಬುಟ್ಟಿ ತಂದು ಬಗ್ಗಿದರು.

ಆಗ ಅಣ್ಣಯ್ಯ ಬಲೆಯ ಪಾಲಿನಿಂದ ಒಳ್ಳೊಳ್ಳೆಯ ಬಂಗಡೆ ಆರಿಸಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಕಾರಿನವರಿಗೆ ಕೊಟ್ಟ. ದಾರಿಹೋಕರು ಹಗ್ಗಕ್ಕೆ ಕೈ ಹಾಕಿದರೆ ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ದಡದಲ್ಲಿಲ್ಲ. ಹೆಂಗಸು "ಅಯ್ಯೋ, ಬೇಡ ಬೇಡ" ಎನ್ನುತ್ತ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಣ್ಣಯ್ಯ ಮತ್ತೆ ಬಗ್ಗಿದ. ಇನ್ನೊಂದು ಕವರು ಬಿಡಿಸಿದ. ಈ ಸಲ ಹೆಚ್ಚು ಹೊತ್ತು ಆರಿಸಿದ. ಬಂಗಡೆ ಬಿಟ್ಟು ಕಾಣೆ ಮೀನನ್ನೇ ಹೆಕ್ಕಿ ಹೆಕ್ಕಿ ಹಾಕಿ, ಬಾಯಿಗೆ ಗಂಟು ಹೊಡೆದು, ವಿಜೇತಾಳ ಎದುರಿಗೆ ಬಂದು ನಿಂತ.

"ತಕೋ ಮಗಾ. ನಿಮ್ಮ್ ಮೇಡಮ್ಮನಿಗೂ ಕೊಡ್. ನಮ್ಮ್ ಕೇರಿ ಹೆಣ್ಣ್, ದೊಡ್ಡ್ ಜನ ಆಪುದ್ ನೀನ್."

ಅವಳು ತೆಗೆದುಕೊಂಡಳು. ತೆಗೆದುಕೊಳ್ಳದೆ ಇರಲು ಕಾರಣ ಹೇಳಬೇಕಿತ್ತು, ಆ ಕಾರಣವನ್ನು ಅವನಿಗೆ ಯಾವ ಭಾಷೆಯಲ್ಲಿ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಆಚೆ ಸರಸ ಬುಟ್ಟಿಯಿಂದ ತಲೆಯೆತ್ತಿ, ಮಗಳ ಕೈಯಲ್ಲಿದ್ದ ಕಾಣೆ ಮೀನು ನೋಡಿ, ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ತೋರಿಸಿದಳು. ಆಕೆಯ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ವಿಜೇತಾ ಯಾವತ್ತೂ ಕಂಡಿರಲಿಲ್ಲ.

ಕಾರಿನ ಹೆಂಗಸು ತನ್ನ ಕವರು ತೂಗಾಡಿಸುತ್ತ ಹತ್ತಿರ ಬಂದಳು. ವಿಜೇತಾಳ ಯೂನಿಫಾರ್ಮು, ಕೊರಳಿನ ಕಾರ್ಡು, ಕೈಯಲ್ಲಿದ್ದ ಕವರು ಎಲ್ಲವನ್ನೂ ನೋಡಿ ಸ್ನೇಹದಿಂದ ನಕ್ಕಳು.

"ನಿಂಗೂ ಕೊಟ್ರಾ? ಎಷ್ಟು ಒಳ್ಳೆ ಜನ ಅಲ್ವಾ? ನೀನೂ ನೋಡೋಕೆ ಬಂದಿದ್ಯಾ, ಸ್ಕೂಲ್ ಪ್ರಾಜೆಕ್ಟಾ?"

ವಿಜೇತಾ ಅಮ್ಮನ ಕಡೆ ನೋಡಿದಳು. ಸರಸ ಮತ್ತು ನವ್ಯಾ ಬುಟ್ಟಿಯನ್ನು ಎರಡು ಕಡೆಯಿಂದ ಹಿಡಿದು ಕುಲುಕುತ್ತಿದ್ದರು, ಮರಳು ಉದುರಲೆಂದು.

"ಹೌದು ಮೇಡಂ," ಎಂದಳು.

ಎರಡನೆಯ ಸಲಕ್ಕೆ ದೋಣಿ ತಯಾರಾಗುತ್ತಿತ್ತು. ಹೆಂಗಸರು ಬುಟ್ಟಿಗಳನ್ನು ಒತ್ತಟ್ಟಿಗಿಟ್ಟು, ಬಲೆಯ ಅಂಚು ಹಿಡಿದು ಸಾಲಾಗಿ ನಿಂತರು. ಒಬ್ಬರ ಕೈಯಿಂದ ಒಬ್ಬರ ಕೈಗೆ ಮಡಿಕೆ ಮಡಿಕೆಯಾಗಿ ಬಲೆ ದೋಣಿ ಸೇರತೊಡಗಿತು. ಸಾಲಿನಲ್ಲಿ ಒಂದು ಕಡೆ ಜನ ಕಡಿಮೆಯಾಗಿ ಬಲೆ ಮರಳಿಗೆ ತಾಗುತ್ತಿತ್ತು. ಪದ್ದು ಚಿಕ್ಕಿ ಅತ್ತಿತ್ತ ನೋಡಿ, ದೂರದಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಯಾರನ್ನೋ ಹ್ವಾಯ್ ಎಂದು ಕೂಗಿ ಕರೆದಳು. ವಿಜೇತಾ ಅವಳಿಂದ ಎರಡು ಮಾರು ದೂರದಲ್ಲೇ ನಿಂತಿದ್ದಳು. ಕೈಯಲ್ಲಿ ಕವರು ಇದ್ದುದರಿಂದ ಅವಳನ್ನು ಯಾರೂ ಕರೆಯಲಿಲ್ಲ.